ಪದಚರ್ಚೆ: ಮನೆಯಲ್ಲೇ ಆಸ್ಪತ್ರೆ ಮಟ್ಟದ ಚಿಕಿತ್ಸೆ – ‘ಮೌಲ್ಯಮಾಪನ’ ಸರಿಯೇ?

ಪ್ರಶ್ನೆ: ವಾರ್ಡಿಗೆ ಸೇರಬೇಕಾದ ರೋಗಿಗೆ ಮನೆಯಲ್ಲೇ ಡ್ರಿಪ್, ಆಕ್ಸಿಜನ್ ಕೊಡುವ ಸೇವೆಗಾಗಿ ಕನ್ನಡ ಫಾರಂ ತಯಾರಾಗುತ್ತಿದೆ. ‘ಕೇರ್ ನೀಡ್ಸ್ ಅಸೆಸ್‌ಮೆಂಟ್’ಗೆ ‘ಆರೈಕೆ ಅಗತ್ಯಗಳ ಮೌಲ್ಯಮಾಪನ’, ‘ಡಿಪೆಂಡೆನ್ಸಿ’ಗೆ ‘ಪರಾಧೀನತೆ’ ಎಂದು ಬರೆದಿದೆ. ಇವುಗಳಿಗಿಂತ ಒಳ್ಳೆಯ ಪದಗಳಿವೆಯೇ?

ಉತ್ತರ: ‘ಮೌಲ್ಯಮಾಪನ’ ಬೇಡ. ಆ ಪದ ಕೇಳಿದರೆ ನೆನಪಾಗುವುದು ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ. ಮನೆಯವರೂ ರೋಗಿ ಪಾಸಾಗಲಿ ಎಂಬಂತೆ ಉತ್ತರಿಸುತ್ತಾರೆ. ದಿನನಿತ್ಯದ ಕೆಲಸಗಳಲ್ಲಿ ರೋಗಿಗೆ ಎಷ್ಟು ನೆರವು ಬೇಕೆಂದು ಅಳೆಯುವ ಬಾರ್ಥೆಲ್ ಸೂಚ್ಯಂಕದಲ್ಲಿ 10 ಅಂಶ, ಒಟ್ಟು 100 ಅಂಕ. ಅಂಕ ಹೆಚ್ಚಾದಷ್ಟೂ ಬೇಕಾದ ನೆರವು ಕಡಿಮೆ ಎಂದರ್ಥ. ಹೀಗಾಗಿ ಉಬ್ಬಿಸಿದ ಅಂಕ ಅಟೆಂಡರ್ ಪಾಳಿಯನ್ನೇ ಕತ್ತರಿಸುತ್ತದೆ.

ಶೀರ್ಷಿಕೆಗಿಂತ ಹೆಚ್ಚು ಕೆಡುವುದು ಕ್ರಿಯಾಪದದಲ್ಲಿ. ‘ತಾವಾಗಿಯೇ ಊಟ ಮಾಡಬಲ್ಲರೇ?’ ಎಂದರೆ ‘ಹ್ಞೂಂ, ಮಾಡ್ತಾರೆ’ ಎಂಬ ಉತ್ತರ ಬಂದುಬಿಡುತ್ತದೆ, ಕಲಸಿ ಕೊಡುವುದು ಸೊಸೆಯಾದರೂ. ಬಾರ್ಥೆಲ್ ಕೇಳುವುದು ಏನು ಮಾಡಬಲ್ಲರು ಎಂದಲ್ಲ, ಏನು ಮಾಡುತ್ತಿದ್ದಾರೆ ಎಂದು. ಆದ್ದರಿಂದ ‘ನಿನ್ನೆ ಊಟ ಮಾಡಿದ್ದು ಹೇಗೆ? ಕಲಸಿ ಕೊಟ್ಟವರು ಯಾರು?’ ಎಂದಿರಲಿ. ತಾವೇ ಉಂಡರೆ 10, ಕಲಸಿಯೋ ತುಂಡು ಮಾಡಿಯೋ ಕೊಡಬೇಕಾದರೆ 5, ತುತ್ತು ಬಾಯಿಗಿಡಬೇಕಾದರೆ 0. ಹಾಸಿಗೆಯಿಂದ ಕುರ್ಚಿಗೆ ಬರುವುದಕ್ಕೆ 15 ಅಂಕ. ಪಕ್ಕದಲ್ಲಿ ನಿಂತು ‘ನಿಧಾನ, ನಿಧಾನ’ ಅನ್ನುವವರೊಬ್ಬರು ಬೇಕಿದ್ದರೂ 10ಕ್ಕೆ ಇಳಿಯುತ್ತದೆ. ಮಲಮೂತ್ರದ ಹಿಡಿತಕ್ಕೆ ಮಾತ್ರ ಒಂದು ದಿನದ ಲೆಕ್ಕ ಸಾಲದು, ಹಿಂದಿನ ಒಂದು ವಾರದ್ದನ್ನು ಕೇಳಬೇಕು. ಅಲ್ಲಿ ‘ಮಲವಿಸರ್ಜನೆ’ ಎಂದು ಅಚ್ಚಾಗಿದ್ದರೂ ಬಾಯಲ್ಲಿ ‘ಸಂಡಾಸು’, ‘ಕಕ್ಕಸು’, ಊರಲ್ಲಿ ಯಾವುದು ನಡೆಯುತ್ತದೋ ಅದನ್ನೇ ಬಳಸಿ.

‘ಪರಾಧೀನತೆ’ಯಲ್ಲಿ ಗುಲಾಮಗಿರಿಯ ವಾಸನೆಯಿದೆ. ‘ಅವಲಂಬನೆ’ ಪರವಾಗಿಲ್ಲ, ‘ಬೇಕಾದ ನೆರವು’ ಇನ್ನೂ ತಿಳಿ. ಆದರೆ ಅದನ್ನು ‘ರೋಗದ ತೀವ್ರತೆ’ಯ ಜೊತೆ ಒಂದೇ ಕಾಲಂನಲ್ಲಿ ತುರುಕಬೇಡಿ. ಹಳೆಯ ಲಕ್ವದಿಂದ ಹಾಸಿಗೆ ಹಿಡಿದವರ ಬಾರ್ಥೆಲ್ 10 ಇರಬಹುದು, ಅವರಿಗೆ ಬೇಕಿರುವುದು ನೋಡಿಕೊಳ್ಳುವವರು, ಆಸ್ಪತ್ರೆ ಮಟ್ಟದ ಚಿಕಿತ್ಸೆಯಲ್ಲ. ನ್ಯುಮೋನಿಯಾ ಆದ ನಲವತ್ತರ ವ್ಯಕ್ತಿ ತಾನೇ ಎದ್ದು ಸ್ನಾನ ಮಾಡಿಯಾನು, ಉಸಿರಾಟ ಮಾತ್ರ ನಿಮಿಷಕ್ಕೆ 26. ತೀವ್ರತೆಗೆ ನ್ಯೂಸ್-2 (ರೋಗಿಯ ಸ್ಥಿತಿ ಬಿಗಡಾಯಿಸುವುದನ್ನು ಮೊದಲೇ ಎಚ್ಚರಿಸುವ ಪಟ್ಟಿ) ಅಂಕವಿದೆ: ಉಸಿರು, ರಕ್ತದಲ್ಲಿನ ಆಮ್ಲಜನಕ, ಬಿಪಿ, ನಾಡಿ, ಪ್ರಜ್ಞೆ, ಜ್ವರ, ಹೊರಗಿನಿಂದ ಆಕ್ಸಿಜನ್ ಕೊಡುತ್ತಿದ್ದರೆ ಅದಕ್ಕೂ 2. ಒಟ್ಟು 7 ದಾಟಿದರೆ, ಏಕೆ 7 ಮುಟ್ಟಿದರೇ, ತುರ್ತು.

ಮೂರನೆಯ ಕಾಲಂ ಮನೆಯದು. ‘ಪರಿಸರ’ ಎಂದು ಬರೆದರೆ ಗಿಡ ನೆಟ್ಟಿದ್ದೀರಾ ಎಂದು ಕೇಳಿದಂತಾಗುತ್ತದೆ. ‘ಮನೆಯ ಅನುಕೂಲ’ ಸಾಕು. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಯಂತ್ರ ಕರೆಂಟಿನ ಮೇಲೆ ನಡೆಯುವುದರಿಂದ ಬದಲಿ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆಂದು ಲೆಕ್ಕ ಹಾಕಿಯೇ ಬರೆಯಬೇಕು. ಸುಮಾರು 1500 ಲೀಟರಿನ ಬಿ-ಟೈಪ್ ಸಿಲಿಂಡರ್ ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ, 5 ಲೀಟರಿನಂತೆ ಬರೀ ಐದು ಗಂಟೆ.

ಸೇವೆಗೆ ‘ಗೃಹ ಆರೋಗ್ಯ’ ಎಂದು ಹೆಸರಿಡಬೇಡಿ. ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುವ ಕರ್ನಾಟಕ ಸರ್ಕಾರದ ಯೋಜನೆಯ ಹೆಸರು ಅದು.

ಇನ್ನು ಶೀರ್ಷಿಕೆ. ‘ಆರೈಕೆ’ಯ ಮೂಲ ಹಳಗನ್ನಡದ ‘ಆರಯ್’: ಹುಡುಕು, ವಿಚಾರಿಸು, ಸಲಹು ಮೂರೂ ಅದರ ಅರ್ಥ. ತಮಿಳಿನಲ್ಲಿ ಸಂಶೋಧನೆಗೆ ‘ಆರಾಯ್ಚಿ’ ಎನ್ನುವುದೂ ಇದೇ ಬೇರಿನಿಂದ. ಅಂದರೆ ‘ಅಸೆಸ್‌ಮೆಂಟ್’ ಆರೈಕೆಯೊಳಗೇ ಕೂತಿದೆ! ಹಾಗಂತ ಫಾರಂ ಮೇಲೆ ‘ಆರಯ್ಕೆ’ ಅಂತ ಹೊಸೆಯುವುದು ಬೇಡ. ‘ಆರೈಕೆ ವಿಚಾರಣೆ’ ಎಂದರೆ ಪೊಲೀಸ್ ಠಾಣೆ ನೆನಪಾಗುತ್ತದೆ. ‘ರೋಗಿಗೆ ಏನೇನು ಆರೈಕೆ ಬೇಕು’ ಎಂದೇ ಅಚ್ಚು ಹಾಕಿಸಿ.