ನೀರುಳ್ಳಿ ಹೆಚ್ಚುವ ಮೆಷಿನ್‌ನ ಬ್ಲೇಡ್ ಮೊಂಡಾಗಿದೆ, ಸಾಣೆ ಹೇಗೆ?

ಪ್ರಶ್ನೆ (ಕೇಟರಿಂಗ್, ಉಡುಪಿ): ನಮ್ಮ ದೊಡ್ಡ ಫುಡ್ ಪ್ರೊಸೆಸರ್‌ನ ಡಿಸ್ಕ್‌ನಲ್ಲಿ ನೀರುಳ್ಳಿ, ಕ್ಯಾಬೇಜ್ ಹೆಚ್ಚುತ್ತೇವೆ. ಬೌಲ್‌ನೊಳಗಿನ ಎರಡು ರೆಕ್ಕೆಯ ಬ್ಲೇಡ್‌ಗೆ ಶುಂಠಿ, ಹಸಿಮೆಣಸು, ಕೊತ್ತಂಬರಿ. ಈಗ ನೀರುಳ್ಳಿ ಹೆಚ್ಚಿದ ಕೂಡಲೇ ನೀರು ಬಿಡ್ತದೆ, ಬಜೆಯ (ಪಕೋಡದ) ಹಿಟ್ಟು ತೆಳ್ಳಗಾಗ್ತದೆ. ಕಲ್ಲುಪ್ಪು ಹಾಕಿ ತಿರುಗಿಸಿದರೆ ಹರಿತವಾಗ್ತದೆ ಅಂತಾರೆ, ಹೌದಾ? ಸಾಣೆ ಹಿಡಿಯುವ ಗ್ರೈಂಡರ್‌ಗೆ ಹಿಡಿಸಬಹುದಾ?

ಉತ್ತರ (ಸಾಣೆ ಕೆಲಸ, ಮಂಗಳೂರು): ಉಪ್ಪು ಬೇಡ ಸರ್. ಕಲ್ಲುಪ್ಪು ಸ್ಟೀಲಿಗಿಂತ ಎಷ್ಟೋ ಮೆದು. ಅಂಟಿದ ಜಿಡ್ಡು ಹೋಗ್ತದೆ ಅಷ್ಟೆ. ಸಂದಿಯಲ್ಲಿ ಉಳಿದ ಉಪ್ಪು ನಮ್ಮ ಕರಾವಳಿಯ ತೇವಕ್ಕೆ ಸ್ಟೇನ್‌ಲೆಸ್ ಸ್ಟೀಲನ್ನೂ ಚುಕ್ಕಿ ಚುಕ್ಕಿಯಾಗಿ ತಿನ್ನುತ್ತದೆ. ನೀರುಳ್ಳಿ ನೀರು ಬಿಡುವುದು ಬ್ಲೇಡ್‌ನ ಮೊಂಡು ಬಾಯಿ (ಕೊಯ್ಯುವ ಅಂಚು) ಅದನ್ನು ಕೊಯ್ಯದೆ ಜಜ್ಜುವುದರಿಂದ.

ಮೊದಲು ಪ್ಲಗ್ ಕೀಳಿ, ಮುಚ್ಚಳ ತೆಗೆದರೆ ಮೆಷಿನ್ ನಿಲ್ಲಿಸುವ ಸ್ವಿಚ್ಚನ್ನು ನಂಬಬೇಡಿ. ಬ್ಲೇಡ್ ಬಿಚ್ಚಿ ಟ್ಯೂಬ್‌ಲೈಟ್ ಕೆಳಗೆ ಬಾಯಿ ಮೇಲೆ ಮಾಡಿ ಹಿಡಿಯಿರಿ. ಹರಿತವಿದ್ದ ಕಡೆ ಏನೂ ಕಾಣುವುದಿಲ್ಲ, ಮೊಂಡಾದ ಕಡೆ ಬಿಳಿ ಗೆರೆ ಮಿನುಗ್ತದೆ.

ಡಿಸ್ಕ್ ಬ್ಲೇಡ್‌ನ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಇಳಿಜಾರು. ಮಸೆಯಬೇಕಾದ್ದು ಇಳಿಜಾರನ್ನು ಮಾತ್ರ. ಅದಕ್ಕೆ ಮಾರ್ಕರ್ ಬಳಿದು, ಒದ್ದೆ ಮಾಡಿದ 400 ಗ್ರಿಟ್ ಸಾಣೆಕಲ್ಲಿನ (ಗ್ರಿಟ್ ಸಂಖ್ಯೆ ಜಾಸ್ತಿಯಾದಷ್ಟು ಕಲ್ಲು ನುಣುಪು) ಮೇಲೆ ಎರಡು ಸಲ ಎಳೆದು ನೋಡಿ. ಶಾಯಿ ತುದಿಯಲ್ಲಿ ಮಾತ್ರ ಹೋದರೆ ಬ್ಲೇಡ್ ಜಾಸ್ತಿ ಎತ್ತಿ ಹಿಡಿದಿದ್ದೀರಿ, ಹಿಂದೆ ಮಾತ್ರ ಹೋದರೆ ಜಾಸ್ತಿ ಮಲಗಿಸಿದ್ದೀರಿ. ಪೂರಾ ಅಳಿಯುವ ಕೋನ ಸಿಕ್ಕಿದ ಮೇಲೆ ಅದನ್ನು ಬದಲಿಸಬೇಡಿ. ಚಪ್ಪಟೆ ಮಗ್ಗುಲಲ್ಲಿ ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಸವರಿದರೆ ಕೂದಲಿನಂಥ ತರಿ ತಾಗ್ತದೆ, ವರ್ಕ್‌ಶಾಪ್‌ನವರು ಬರ್ ಅನ್ನುವುದು ಅದಕ್ಕೇ. ಉದ್ದಕ್ಕೂ ಅದು ಬಂದಮೇಲೆ 1000 ಗ್ರಿಟ್‌ಗೆ ಹೋಗಿ. ಕೊನೆಗೆ ಚಪ್ಪಟೆ ಮಗ್ಗುಲನ್ನು ಕಲ್ಲಿಗೆ ಪೂರ್ತಿ ಮಲಗಿಸಿ ಎರಡು ಮೂರು ಸಲ ಹಗುರವಾಗಿ ಎಳೆದರೆ ತರಿ ಹೋಗ್ತದೆ. ಅಲ್ಲಿ ಸ್ವಲ್ಪ ಎತ್ತಿ ಹಿಡಿದರೂ ಬಾಯಿ ಕೆಟ್ಟು, ಕ್ಯಾಬೇಜ್ ಒಂದು ಕಡೆ ದಪ್ಪ ಒಂದು ಕಡೆ ತೆಳು ಬರ್ತದೆ.

ರೆಕ್ಕೆಯ ಬ್ಲೇಡ್‌ನಲ್ಲಿ ಎರಡಕ್ಕೂ ಲೆಕ್ಕ ಹಾಕಿ ಒಂದೇ ಸಮ ಎಳೆಯಬೇಕು. ಒಂದರಿಂದ ಜಾಸ್ತಿ ಲೋಹ ಹೋದರೆ ತೂಕ ತಪ್ಪಿ ಮೆಷಿನ್ ನಡುಗ್ತದೆ, ಬೇರಿಂಗ್ ಮತ್ತು ಸೀಲ್ ಬೇಗ ಹೋಗ್ತದೆ. ಗರಗಸದ ಹಲ್ಲಿನ ಬ್ಲೇಡ್ ಆದರೆ ಚಪ್ಪಟೆ ಕಲ್ಲು ಹಲ್ಲನ್ನೇ ತಿಂದುಬಿಡ್ತದೆ. ಹಲ್ಲಿನ ಗುಳಿಗೆ ಸರಿಯಾಗಿ ಕೂರುವ ದುಂಡು ಡೈಮಂಡ್ ಅರದಿಂದ ಗುಳಿಗೆ ನಾಲ್ಕೈದು ಎಳೆತ ಸಾಕು. ಹಲ್ಲು ಅರ್ಧ ಸವೆದಿದ್ದರೆ ಹೊಸತು ಹಾಕಿ.

ಒಣ ಗ್ರೈಂಡರ್ ಬೇಡವೇ ಬೇಡ. ತೆಳು ಬಾಯಿ ಕ್ಷಣದಲ್ಲಿ ಕಾದು ಹೊನ್ನಿನ ಬಣ್ಣ, ಆಮೇಲೆ ನೀಲಿ ಆಗ್ತದೆ. ನೀಲಿ ಬಂದಲ್ಲಿ ಗಡಸುತನ ಹೋಯಿತು, ಎಷ್ಟು ಮಸೆದರೂ ಬೇಗ ಮೊಂಡು. ಚಕ್ಕೆ ಎದ್ದಿದ್ದರೆ ನೀರು ಹರಿಯುವ ಸಾಣೆಚಕ್ರ ಇದ್ದಲ್ಲಿಗೇ ಕೊಡಿ.

ಪ್ರಶ್ನೆ: ತುರಿಯುವ ಡಿಸ್ಕ್‌ಗೂ ಹೀಗೆಯಾ?

ಉತ್ತರ: ಅದಕ್ಕೆ ಸಾಣೆ ಇಲ್ಲ. ಒತ್ತಿ ಎಬ್ಬಿಸಿದ ತೆಳು ಹಲ್ಲುಗಳು, ಮಸೆದರೆ ಉಳಿಯುವುದಿಲ್ಲ. ಕ್ಯಾರೆಟ್ ತುರಿ ಹಿಂಡಿದ ಹಾಗೆ ಬಂದರೆ ಡಿಸ್ಕ್ ಬದಲಿಸುವುದೇ.

ಮತ್ತೊಬ್ಬರು (ಅಡುಗೆ ಮೆಷಿನ್ ರಿಪೇರಿ): ಸರ್ ಹೇಳಿದ್ದು ಸರಿ. ಒಂದು ಸೇರಿಸ್ತೇನೆ. ಸಾಣೆಯ ಬೂದು ಪುಡಿ ಆಹಾರಕ್ಕೆ ಹೋಗಬಾರದು. ಬಿಸಿನೀರು ಮತ್ತು ಸೋಪಿನಲ್ಲಿ ತೊಳೆದು, ಬೆನ್ನಿನಿಂದ ಬಾಯಿಯ ಕಡೆಗೆ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬಿಳಿಯಾಗಿಯೇ ಬರುವವರೆಗೆ ಒರೆಸಬೇಕು. ಆಮೇಲೆ ನಾಲ್ಕು ಬಟಾಟೆ ಹೆಚ್ಚಿ ಬಿಸಾಡಿ.

ಪ್ರಶ್ನೆ: ಬೇಗ ಮೊಂಡಾಗದ ಹಾಗೆ ಎಂತ ಮಾಡುವುದು?

ಉತ್ತರ: ಶುಂಠಿಯ ಮಣ್ಣು, ಕೊತ್ತಂಬರಿ ಬೇರಿನ ಮರಳು, ಹುಣಸೆಬೀಜ, ತೆಂಗಿನ ಗೆರಟೆಯ ಚೂರು, ಇವು ನಾಲ್ಕೇ ಸಾಕು ಬ್ಲೇಡ್‌ನ ಹರಿತ ತೆಗೆಯಲಿಕ್ಕೆ. ಶುಂಠಿ ನೆನೆಸಿ ಉಜ್ಜಿ ತೊಳೆಯಿರಿ, ಕೊತ್ತಂಬರಿಯ ಬೇರು ಮೊದಲೇ ಕತ್ತರಿಸಿ. ತೊಳೆಯುವಾಗ ಬ್ಲೇಡನ್ನು ಪಾತ್ರೆಗಳ ಜೊತೆ ಸಿಂಕಿಗೆ ಹಾಕಬೇಡಿ. ಬಾಯಿಗೂ ಪೆಟ್ಟು, ತೊಳೆಯುವವರ ಕೈಗೂ ಗಾಯ.