ಸಹಾಯ ಬೇಕು: ಹಳೆಯ ಬಿಎಸ್‌ಎ ಎಂ20 ಬೈಕಿಗೆ ಬೆಲೆ ಕಟ್ಟುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಬ್ರಿಟನ್ನಿನ ಬಿಎಸ್‌ಎ ಕಂಪನಿಯ ಎಂ20 ಬೈಕ್ ಇದೆ. 496 ಸಿಸಿ, ಸೈಡ್ ವಾಲ್ವ್ (ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿರುವ ಹಳೆಯ ವಿನ್ಯಾಸ), ಒಂದೇ ಸಿಲಿಂಡರ್. ಮುಂದೆ ಗರ್ಡರ್ ಫೋರ್ಕ್ (ಸ್ಪ್ರಿಂಗ್ ಇರುವ ಹಳೆಯ ಬಗೆಯ ಫೋರ್ಕ್), ಹಿಂದೆ ಸಸ್ಪೆನ್ಷನ್ ಎಂಬುದೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಓಡಿಸಿದ ಮಾದರಿ. ಮಾರಬೇಕೆಂದಿದ್ದೇನೆ, ಬೆಲೆ ಎಷ್ಟು ಹೇಳಬೇಕೆಂಬುದೇ ತಲೆನೋವು.

ಎಂಜಿನ್ ಜಾಮ್ ಆಗಿಲ್ಲ, ಕಿಕ್ಕರ್ ಒತ್ತಿದರೆ ಕಂಪ್ರೆಷನ್ ಚೆನ್ನಾಗಿಯೇ ಸಿಗುತ್ತದೆ. ಮ್ಯಾಗ್ನೆಟೊ (ಸ್ಪಾರ್ಕ್ ಪ್ಲಗ್‌ಗೆ ವಿದ್ಯುತ್ ಹುಟ್ಟಿಸುವ ಭಾಗ) ಮಾತ್ರ ಕಿಡಿ ಕೊಡುತ್ತಿಲ್ಲ. ಅಮಾಲ್ ಕಾರ್ಬುರೇಟರ್ ಮೂಲದ್ದು; ಸೀಟು, ಸೈಲೆನ್ಸರ್ ಆಮೇಲೆ ಹಾಕಿದವು. ಟ್ಯಾಂಕಿಗೆ ಯಾರೋ ಬಳಿದ ಕಪ್ಪು ಬಣ್ಣ ಚಕ್ಕೆಯೆದ್ದಿದ್ದು, ಅದರಡಿಯಿಂದ ಮಾಸಿದ ಹಸಿರು ಇಣುಕುತ್ತಿದೆ.

ನೋಡಲು ಬಂದವರೊಬ್ಬರು ಎಂಜಿನ್ ಸಂಖ್ಯೆ, ಫ್ರೇಮ್ ಸಂಖ್ಯೆ ಬೇರೆ ಬೇರೆ, ಅಂದರೆ ಎಂಜಿನ್ ಬದಲಾಯಿಸಿದ್ದು ಎಂದು ಮೂಗು ಮುರಿದು ಗುಜರಿ ದರಕ್ಕೆ ಕೇಳಿದರು. ಆ ಕಾಲದ ಬಿಎಸ್‌ಎಗಳಲ್ಲಿ ಕಾರ್ಖಾನೆಯಿಂದಲೇ ಆ ಎರಡು ಸಂಖ್ಯೆಗಳು ಹೊಂದುತ್ತಿರಲಿಲ್ಲ. ಇದು ಅವರಿಗೆ ಗೊತ್ತಿಲ್ಲದಿರಲಿಕ್ಕಿಲ್ಲ!

ಜಾಹೀರಾತುಗಳಲ್ಲಿ ಕಾಣುವುದು ಮಾರುವವರ ಆಸೆಯ ಬೆಲೆ. ಕೊನೆಗೆ ಕೈಸೇರಿದ ಮೊತ್ತ ತಿಳಿಯುವುದು ಎಲ್ಲಿ? ಹರಾಜಿನ ಫಲಿತಾಂಶಗಳಲ್ಲಿ ಸಿಗುವುದೆಲ್ಲ ಫಳಫಳ ಹೊಳೆಯುವ ಗಾಡಿಗಳೇ, ನನ್ನದಕ್ಕೆ ಅದರಿಂದ ಎಷ್ಟು ಕಳೆಯಬೇಕು? ಮ್ಯಾಗ್ನೆಟೊದ ತಂತಿಯನ್ನು ಹೊಸದಾಗಿ ಸುತ್ತಿಸಿ, ಚಾಲೂ ಮಾಡಿ ಮಾರಿದರೆ ಹಾಕಿದ ಖರ್ಚು ಹುಟ್ಟುತ್ತದೆಯೇ? ಬಣ್ಣವನ್ನು ನಾನಂತೂ ಮುಟ್ಟುವುದಿಲ್ಲ, ಹಳೆಯ ಹಸಿರು ಹೋದರೆ ಮತ್ತೆ ಬರುವುದಿಲ್ಲ. ವಿಂಟೇಜ್ ಕ್ಲಬ್‌ನವರಿಂದ ಲಿಖಿತ ಮೌಲ್ಯಮಾಪನ ಮಾಡಿಸಿದವರಿದ್ದರೆ, ಕೊಳ್ಳುವವರು ಅದಕ್ಕೆ ಕಿಮ್ಮತ್ತು ಕೊಟ್ಟರೇ ಎಂದು ದಯವಿಟ್ಟು ತಿಳಿಸಿ. ಬಿಡಿಭಾಗ ಮಾತ್ರ ಬೇಕೆನ್ನುವವರು ಕೇಳುವುದು ಬೇಡ, ಬಿಚ್ಚಿ ಮಾರುವುದಿಲ್ಲ.