ಬುನ್ಯುಯೆಲ್‌ನ ಐದೇ ಸಿನಿಮಾ ತೋರಿಸಬೇಕು ಅಂದರೆ ಯಾವ ಐದು?

ಕಡೇಸಾಲು:
ಒಂದು ಸಣ್ಣ ಗುಂಪಿಗೆ ಸ್ಪೇನ್ ಮೂಲದ ನಿರ್ದೇಶಕ ಲೂಯಿಸ್ ಬುನ್ಯುಯೆಲ್‌ನ ಐದು ಚಿತ್ರ ತೋರಿಸಬೇಕಿದೆ, ವಾರಕ್ಕೊಂದರಂತೆ. ಬರುವವರು ಸಿನಿಮಾ ನೋಡಿ ಪಳಗಿದವರೇ. ಆದರೆ ಬುನ್ಯುಯೆಲ್ ಎಂದರೆ ಅವರಿಗೆ ಗೊತ್ತಿರುವುದು ಕ್ಷೌರದ ಕತ್ತಿಯಿಂದ ಕಣ್ಣು ಸೀಳುವ ಆ ಒಂದು ಶಾಟ್ ಮಾತ್ರ. ಎಲ್ಲಿ ನೋಡಿದರೂ ‘ಶ್ರೇಷ್ಠ ಚಿತ್ರಗಳು’ ಪಟ್ಟಿ ಒಂದೇ ಅಚ್ಚಿನದು: ಪ್ಯಾರಿಸ್ಸಿನ ಮೊದಲ ಎರಡು ಚಿತ್ರ, ಅಲ್ಲಿಂದ ಸೀದಾ 1960ರ ದಶಕ. ನಡುವೆ ಮೆಕ್ಸಿಕೋದಲ್ಲಿ ಹೆಚ್ಚುಕಮ್ಮಿ ಇಪ್ಪತ್ತು ಚಿತ್ರ ಮಾಡಿದ್ದಾನಲ್ಲ, ಅದರಲ್ಲಿ ಯಾವುದಕ್ಕೂ ಜಾಗವಿಲ್ಲವೇ? ಐದನ್ನು ಆರಿಸಿ, ಕ್ರಮವನ್ನೂ ಹೇಳಿ. ಆವೃತ್ತಿ, ಡಬ್ಬಿಂಗ್ ವಿಷಯದಲ್ಲಿ ಎಲ್ಲಿ ಎಡವುವ ಸಾಧ್ಯತೆ ಇದೆ ಅನ್ನುವುದೂ ಬೇಕು.

ಮೂರನೇಬೆಲ್:
ನನ್ನ ಐದು, ತೋರಿಸಬೇಕಾದ ಕ್ರಮದಲ್ಲೇ: ‘ಎಲ್’ (1953), ‘ವಿರಿದಿಯಾನಾ’ (1961), ‘ದಿ ಎಕ್ಸ್‌ಟರ್ಮಿನೇಟಿಂಗ್ ಏಂಜೆಲ್’ (1962), ‘ದಿ ಡಿಸ್ಕ್ರೀಟ್ ಚಾರ್ಮ್ ಆಫ್ ದಿ ಬೂರ್ಜ್ವಾಸಿ’ (1972), ‘ದಟ್ ಅಬ್‌ಸ್ಕ್ಯೂರ್ ಆಬ್ಜೆಕ್ಟ್ ಆಫ್ ಡಿಸೈರ್’ (1977).

‘ಎಲ್’ ಮೊದಲಿಗೇ ಇರಬೇಕು. ಹೊರನೋಟಕ್ಕೆ ಅದು ಸಾದಾ ಸಂಸಾರದ ಮೆಲೋಡ್ರಾಮಾ. ಫ್ರಾನ್ಸಿಸ್ಕೊ ಸಿರಿವಂತ, ದೈವಭಕ್ತ, ಪಾದ್ರಿಗೆ ಬೇಕಾದವನು. ಮದುವೆಯ ರಾತ್ರಿ, ರೈಲಿನಲ್ಲೇ, ಹೆಂಡತಿ ಗ್ಲೋರಿಯಾಳ ಮೇಲೆ ಅನುಮಾನ ಶುರು. ಹೋಟೆಲಿನಲ್ಲಿ ಬೀಗದ ಕಂಡಿಯಿಂದ ಯಾರೋ ಇಣುಕುತ್ತಿದ್ದಾರೆಂದು ಅದರೊಳಗೆ ಉದ್ದನೆಯ ಸೂಜಿ ತೂರಿಸುತ್ತಾನೆ. ಕಣ್ಣು ಸೀಳುವ ಶಾಟ್ ಗೊತ್ತಿರುವ ಪ್ರೇಕ್ಷಕನಿಗೆ ಆ ಸೂಜಿ ಕಂಡ ಕೂಡಲೇ ಮೈ ಜುಮ್ಮೆನ್ನುತ್ತದೆ, ಆದರೆ ಅಲ್ಲಿ ಕಣ್ಣೂ ಇಲ್ಲ, ರಕ್ತವೂ ಇಲ್ಲ. ಆಮೇಲೆ ಮೆಟ್ಟಿಲಿನ ದೃಶ್ಯ: ನಡುರಾತ್ರಿ ಅಡ್ಡಾದಿಡ್ಡಿ ಮೆಟ್ಟಿಲೇರಿ ಕೂತು, ಜಮಖಾನ ಬಿಗಿಹಿಡಿಯುವ ಸರಳನ್ನು ಕಿತ್ತು, ಕಟಕಟೆಗೆ ಒಂದೇ ಸಮ ಬಡಿಯುತ್ತಾನೆ. ಮನೆ ತುಂಬ ಅದೊಂದೇ ಸದ್ದು. ಯಾಕೆ ಬಡಿಯುತ್ತಾನೆ ಎಂದು ಚಿತ್ರ ಹೇಳುವುದಿಲ್ಲ. ಕೊನೆಯ ಭಾಗದಲ್ಲಿ ಚರ್ಚಿನಲ್ಲಿ ಎಲ್ಲರೂ ತನ್ನನ್ನು ನೋಡಿ ನಗುತ್ತಿದ್ದಾರೆಂದು ಅವನಿಗೆ ಕಾಣುತ್ತದೆ. ಒಂದು ಶಾಟ್‌ನಲ್ಲಿ ಜನ ಪ್ರಾರ್ಥಿಸುತ್ತಿರುತ್ತಾರೆ, ಮುಂದಿನದರಲ್ಲಿ ಅದೇ ಜನ ಕೇಕೆ ಹಾಕುತ್ತಿರುತ್ತಾರೆ. ಮಂಜಿಲ್ಲ, ಒಂದು ದೃಶ್ಯ ಇನ್ನೊಂದರಲ್ಲಿ ಕರಗುವ ಡಿಸಾಲ್ವ್ ಇಲ್ಲ, ಬರೀ ಕಟ್. ಬುನ್ಯುಯೆಲ್‌ನ ಕಸುಬೆಲ್ಲ ಅಲ್ಲೇ ಇದೆ: ವಿಚಿತ್ರವಾದದ್ದನ್ನು ಮಾಮೂಲಿಯ ಹಾಗೆ ಶೂಟ್ ಮಾಡುವುದು. ಮನೋವಿಶ್ಲೇಷಕ ಲಕಾನ್ ಈ ಚಿತ್ರವನ್ನು ತನ್ನ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದ.

ಆ ಕಣ್ಣು ಸೀಳುವ ಶಾಟ್ ಇರುವ ‘ಉನ್ ಶಿಯೆನ್ ಅಂದಾಲೂ’ (1929) ಪಟ್ಟಿಯಲ್ಲಿ ಇಲ್ಲ. ಅದನ್ನು ಮೊದಲು ತೋರಿಸಿದರೆ ಪ್ರೇಕ್ಷಕರು ಉಳಿದ ನಾಲ್ಕರಲ್ಲೂ ‘ಆಘಾತ ಎಲ್ಲಿ’ ಎಂದು ಕಾಯುತ್ತಾ ಕೂರುತ್ತಾರೆ.

ನೆರಳುಬೆಳಕು:
‘ಎಲ್’ ಒಳ್ಳೆಯ ಚಿತ್ರ, ತಕರಾರಿಲ್ಲ. ಆದರೆ ಅದರಲ್ಲಿರುವ ವಿಚಿತ್ರವೆಲ್ಲ ಒಬ್ಬ ಮನುಷ್ಯನ ಕಾಯಿಲೆಯ ಲೆಕ್ಕಕ್ಕೆ ಹೋಗುತ್ತದೆ. ‘ಅವನಿಗೆ ಹುಚ್ಚು’ ಎಂದು ಒಂದು ಮಾತಿನಲ್ಲಿ ಮುಗಿಸಿಬಿಡಬಹುದು. ಬುನ್ಯುಯೆಲ್ ತನ್ನ ಮೊದಲ ಚಿತ್ರಕ್ಕೆ ಚಿತ್ರಕಾರ ಡಾಲಿಯ ಜೊತೆ ಕೂತು ಬರೆಯುವಾಗ ಅವರಿಬ್ಬರ ನಿಯಮವೇ ಬೇರೆ ಇತ್ತು: ತರ್ಕದ ವಿವರಣೆ ಕೊಡಬಹುದಾದ ಯಾವ ಬಿಂಬವನ್ನೂ ಒಳಗೆ ಬಿಡಬಾರದು. ಆ ಅಳತೆಗೋಲು ಹಿಡಿದರೆ ಮೆಕ್ಸಿಕೋದ ಅತ್ಯುತ್ತಮ ‘ಎಕ್ಸ್‌ಟರ್ಮಿನೇಟಿಂಗ್ ಏಂಜೆಲ್’. ಊಟ ಮುಗಿಸಿದ ಅತಿಥಿಗಳು ಆ ಕೋಣೆ ಬಿಟ್ಟು ಹೊರಡಲು ಆಗುವುದಿಲ್ಲ. ಬಾಗಿಲು ತೆರೆದೇ ಇದೆ, ತಡೆಯುವವರು ಯಾರೂ ಇಲ್ಲ. ಕಾರಣ ಕೊನೆಯವರೆಗೂ ಇಲ್ಲ.

ಇದನ್ನು ತೋರಿಸುವಾಗ ಮೊದಲ ಹದಿನೈದು ನಿಮಿಷ ಯಾರೂ ತಡವಾಗಿ ಬರದ ಹಾಗೆ ನೋಡಿಕೊಳ್ಳಿ. ಅತಿಥಿಗಳು ಮನೆಯೊಳಗೆ ಬರುವ ದೃಶ್ಯ ಎರಡು ಸಲ ಬರುತ್ತದೆ, ಎರಡನೆಯದು ಬೇರೆ ಕೋನದಿಂದ. ಯಜಮಾನ ನೋಬಿಲೆ ಎದ್ದುನಿಂತು ಗಾಯಕಿಯ ಹೆಸರಿನಲ್ಲಿ ಟೋಸ್ಟ್ ಹೇಳುತ್ತಾನೆ, ಎಲ್ಲರೂ ಗ್ಲಾಸ್ ಎತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಅದೇ ಟೋಸ್ಟ್ ಮತ್ತೆ ಹೇಳುತ್ತಾನೆ, ಈ ಸಲ ಒಬ್ಬರೂ ಕಿವಿಗೊಡುವುದಿಲ್ಲ. ಇಬ್ಬರು ಗಂಡಸರಿಗೆ ಪರಸ್ಪರ ಪರಿಚಯ ಮತ್ತೆ ಮತ್ತೆ ಆಗುತ್ತದೆ, ಪ್ರತಿ ಸಲವೂ ಬೇರೆ ಬೇರೆ ಧಾಟಿಯಲ್ಲಿ. ಛಾಯಾಗ್ರಾಹಕ ಗೇಬ್ರಿಯೆಲ್ ಫಿಗೆರೋವಾ ಪ್ರಿಂಟ್ ನೋಡಿ, ಒಂದು ದೃಶ್ಯ ಎರಡು ಸಲ ಸೇರಿಕೊಂಡಿದೆ ಎಂದು ಗಾಬರಿಯಾಗಿದ್ದನ್ನು ಬುನ್ಯುಯೆಲ್ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ನಿಮ್ಮ ಗುಂಪಿನಲ್ಲೂ ಯಾರಾದರೂ ಫೈಲ್ ಕೆಟ್ಟಿದೆ ಅನ್ನುತ್ತಾರೆ. ನಿಲ್ಲಿಸಿ ಹಿಂದಕ್ಕೆ ಓಡಿಸಬೇಡಿ. ಈ ಪುನರಾವರ್ತನೆ ಬರೀ ಚೇಷ್ಟೆಯೂ ಅಲ್ಲ, ಬಿಡುಗಡೆಯ ದಾರಿ ಅದರಲ್ಲೇ ಇದೆ: ಎಲ್ಲರೂ ಮೊದಲ ರಾತ್ರಿ ಇದ್ದ ಜಾಗಗಳಲ್ಲೇ ಮತ್ತೆ ಇದ್ದಾರೆಂದು ಅತಿಥಿಗಳಲ್ಲೊಬ್ಬಳಾದ ಲೆತಿಸಿಯಾ ಗಮನಿಸಿದ ಮೇಲೆ, ಅದೇ ಪಿಯಾನೋ, ಅದೇ ಮಾತುಗಳನ್ನು ಮರಳಿ ಆಡಿ ಅವರು ಹೊರಬೀಳುತ್ತಾರೆ. ಶುರುವಿನ ಪುನರಾವರ್ತನೆ ತಪ್ಪಿಸಿಕೊಂಡವರಿಗೆ ಇದು ಬರೀ ಜಾಣತನದ ಮುಕ್ತಾಯವಾಗಿ ಕಾಣುತ್ತದೆ.

ಇನ್ನು ‘ಡಿಸ್ಕ್ರೀಟ್ ಚಾರ್ಮ್’ ಜಾಗಕ್ಕೆ ನನ್ನ ಓಟು ‘ದಿ ಫ್ಯಾಂಟಮ್ ಆಫ್ ಲಿಬರ್ಟಿ’ಗೆ (1974). ಮೊದಲನೆಯದಕ್ಕೆ ಆಸ್ಕರ್ ಬಂತು, ಎಲ್ಲರೂ ನೋಡಿದರು. ಎರಡನೆಯದು ಅದಕ್ಕಿಂತ ಧೈರ್ಯದ್ದು. ಒಂದು ಪಾತ್ರದ ಹಿಂದೆ ಹೋಗುತ್ತೇವೆ, ಕಥೆ ಕುದುರುವ ಹೊತ್ತಿಗೆ ಕ್ಯಾಮೆರಾ ಪಕ್ಕದಲ್ಲಿ ಹಾದುಹೋದ ಇನ್ನೊಬ್ಬರನ್ನು ಹಿಡಿದು ಹೊರಟುಬಿಡುತ್ತದೆ. ಕಳೆದುಹೋದ ಮಗಳ ಬಗ್ಗೆ ದೂರು ಕೊಡಲು ತಂದೆತಾಯಿ ಠಾಣೆಗೆ ಹೋಗುವಾಗ ಮಗಳು ಜೊತೆಗೇ ಇರುತ್ತಾಳೆ, ಅಧಿಕಾರಿ ಅವಳನ್ನೇ ನೋಡಿಕೊಂಡು ಚಹರೆ ಬರೆದುಕೊಳ್ಳುತ್ತಾನೆ. ಮೇಜಿನ ಸುತ್ತ ಕಮೋಡ್ ಮೇಲೆ ಕೂತು ಹರಟುವವರು, ಊಟಕ್ಕೆ ಮಾತ್ರ ನಾಚಿಕೊಂಡು ಚಿಕ್ಕ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುವ ದೃಶ್ಯ ಇದರದ್ದೇ.

ಮೂರನೇಬೆಲ್:
‘ಹುಚ್ಚು’ ಎಂದು ಮುಗಿಸಬಹುದು ಅನ್ನುತ್ತೀರಿ. ಆದರೆ ಗ್ಲೋರಿಯಾ ತಾಯಿಗೆ ಹೇಳುತ್ತಾಳೆ, ಪಾದ್ರಿಗೂ ಹೇಳುತ್ತಾಳೆ. ಇಬ್ಬರೂ ಗಂಡನ ಪರ. ಕಾಯಿಲೆ ಅವನೊಬ್ಬನದಾಗಿದ್ದರೆ ಚಿತ್ರ ಅರ್ಧಕ್ಕೇ ಮುಗಿಯುತ್ತಿತ್ತು. ಹಗ್ಗ, ಕತ್ತರಿ, ಸೂಜಿ, ಬ್ಲೇಡು, ಹತ್ತಿ ಒಂದೊಂದಾಗಿ ಹೊಂದಿಸಿಕೊಂಡು ಅವಳು ಮಲಗಿದ ಕೋಣೆಗೆ ಹೋಗುವಾಗಲೂ ಅವನ ಮುಖದಲ್ಲಿರುವುದು ಮನೆವಾರ್ತೆಯ ಶಿಸ್ತು.

‘ಫ್ಯಾಂಟಮ್’ ವಿಷಯದಲ್ಲಿ: ತುಣುಕುಗಳಲ್ಲಿ ನಾಲ್ಕೈದು ಅದ್ಭುತ, ಉಳಿದವು ಜಾಳು. ಹೋಟೆಲಿನ ಭಾಗ ಎಷ್ಟು ಹೊತ್ತು ಎಳೆಯುತ್ತದೆ ನೋಡಿ. ‘ಡಿಸ್ಕ್ರೀಟ್ ಚಾರ್ಮ್’ನಲ್ಲಿ ಆ ಸಮಸ್ಯೆ ಇಲ್ಲ, ಆರು ಜನ ಊಟಕ್ಕೆ ಕೂರಬೇಕು, ಕೂರಲಾಗುವುದಿಲ್ಲ, ಇಡೀ ಚಿತ್ರಕ್ಕೆ ಅದೊಂದೇ ದಾರ. ಒಮ್ಮೆ ದಿನ ತಪ್ಪು, ಒಮ್ಮೆ ಹೋಟೆಲ್ ಮಾಲೀಕನ ಹೆಣ ಪಕ್ಕದ ಕೋಣೆಯಲ್ಲಿ, ಒಮ್ಮೆ ಟೀ ಅಂಗಡಿಯಲ್ಲಿ ಟೀಯೂ ಇಲ್ಲ ಕಾಫಿಯೂ ಇಲ್ಲ. ಕರ್ನಲ್ ಮನೆಯ ಮೇಜಿನ ಮೇಲೆ ಬರುವ ಕೋಳಿ ರಬ್ಬರಿನದು, ಪರದೆ ಸರಿದರೆ ಅವರೆಲ್ಲ ನಾಟಕದ ರಂಗದ ಮೇಲೆ ಕೂತಿದ್ದಾರೆ, ಎದುರಿಗೆ ತುಂಬಿದ ಪ್ರೇಕ್ಷಕರು. ಇದು ಒಬ್ಬನ ಕನಸು. ಅವನು ಎದ್ದ ಮೇಲಿನದ್ದೂ ಇನ್ನೊಬ್ಬನ ಕನಸಿನ ಒಳಗೇ ಇದೆ ಎಂದು ಗೊತ್ತಾಗುವುದು ತುಸು ತಡವಾಗಿ. ಕನಸಿಗೆ ಬೇರೆ ಬೆಳಕು, ಬೇರೆ ಸಂಗೀತ ಕೊಟ್ಟಿದ್ದರೆ ಈ ಆಟ ನಡೆಯುತ್ತಲೇ ಇರಲಿಲ್ಲ.

ಸ್ಪ್ರಾಕೆಟ್:
ಜಗಳ ನಿಮ್ಮದು, ಮುಂದುವರಿಸಿ. ಪ್ರದರ್ಶನದಲ್ಲಿ ಎಡವಟ್ಟಾಗುವ ಜಾಗಗಳನ್ನು ಹೇಳುತ್ತೇನೆ.

ಪರದೆಯ ಅಳತೆ ಮೊದಲು. ಮೆಕ್ಸಿಕೋದ ಚಿತ್ರಗಳು 1.37:1. ಟಿವಿ ಅಥವಾ ಪ್ರೊಜೆಕ್ಟರ್ 16:9ಕ್ಕೆ ಹಿಗ್ಗಿಸುವ ಮೋಡ್‌ನಲ್ಲಿದ್ದರೆ ಆಕಾರ ಅಡ್ಡಡ್ಡ ಎಳೆದಂತಾಗುತ್ತದೆ, ಝೂಮ್ ಮಾಡುವ ಮೋಡ್‌ನಲ್ಲಿದ್ದರೆ ಮೇಲೆ ಕೆಳಗೆ ಕತ್ತರಿಸಿಹೋಗುತ್ತದೆ. ‘ಎಲ್’ ಶುರುವಾಗುವುದೇ ಚರ್ಚಿನಲ್ಲಿ ಪಾದ ತೊಳೆಯುವ ವಿಧಿಯಿಂದ. ಫ್ರಾನ್ಸಿಸ್ಕೊನ ಕಣ್ಣು ಸಾಲಾಗಿರುವ ಪಾದಗಳ ಮೇಲೆ ಹರಿದು ಗ್ಲೋರಿಯಾಳ ಪಾದಕ್ಕೆ ಬಂದು ನಿಲ್ಲುತ್ತದೆ. ಕೆಳಗಿನ ಅಂಚು ಹೋದರೆ ಚಿತ್ರದ ಬೀಜವೇ ಹೋಯಿತು. ಕಪ್ಪು ಪಟ್ಟಿ ಎಡಬಲಕ್ಕೆ ಬರಲಿ ಬಿಡಿ. ಕೊನೆಯ ಫ್ರೆಂಚ್ ಚಿತ್ರಗಳು 1.66:1, ಅವಕ್ಕೂ ಸಣ್ಣ ಪಟ್ಟಿ ಇರಬೇಕು.

‘ಉನ್ ಶಿಯೆನ್ ಅಂದಾಲೂ’ ಹಾಕುವುದಾದರೆ ಫೈಲಿನ ಅವಧಿ ನೋಡಿ. ಸೆಕೆಂಡಿಗೆ 24 ಫ್ರೇಮಿನಲ್ಲಿ ಸುಮಾರು 16 ನಿಮಿಷ, 18ರ ಆಸುಪಾಸಿನಲ್ಲಿ ಓಡಿಸಿದರೆ 21. ಮೊದಲ ಪ್ರದರ್ಶನದಲ್ಲಿ ಬುನ್ಯುಯೆಲ್ ಪರದೆಯ ಹಿಂದೆ ಗ್ರಾಮಫೋನ್ ಇಟ್ಟುಕೊಂಡು ವ್ಯಾಗ್ನರ್‌ನ ‘ಟ್ರಿಸ್ಟಾನ್’ ಮತ್ತು ಅರ್ಜೆಂಟೀನಾದ ಟ್ಯಾಂಗೋ ಬದಲಿಸಿ ಬದಲಿಸಿ ಹಾಕಿದ್ದ. 1960ರಲ್ಲಿ ಅದೇ ಸಂಗೀತವನ್ನು ಚಿತ್ರಕ್ಕೆ ಸೇರಿಸಲಾಯಿತು. ಆ ಆವೃತ್ತಿ ಹಾಕಿ. ಭಯ ಹುಟ್ಟಿಸುವ ಹೊಸ ಎಲೆಕ್ಟ್ರಾನಿಕ್ ಸಂಗೀತ ಅಂಟಿಸಿರುವ ಪ್ರತಿಗಳು ಬೇಕಾದಷ್ಟಿವೆ. ಟ್ಯಾಂಗೋದ ಲವಲವಿಕೆ ಹೋದರೆ ಅದು ಬರೀ ಹಾರರ್ ಚಿತ್ರ.

ಧ್ವನಿ: ಇಂಗ್ಲಿಷ್ ಡಬ್ಬಿಂಗ್ ಬೇಡವೇ ಬೇಡ. ಮುಖ್ಯವಾಗಿ ‘ಅಬ್‌ಸ್ಕ್ಯೂರ್ ಆಬ್ಜೆಕ್ಟ್’ಗೆ. ನಾಯಕಿ ಕೊಂಚಿತಾಳ ಪಾತ್ರವನ್ನು ಕ್ಯಾರೊಲ್ ಬೂಕೆ ಮತ್ತು ಆಂಜೆಲಾ ಮೊಲಿನಾ ಇಬ್ಬರೂ ಮಾಡಿದ್ದಾರೆ. ಮೂಲದಲ್ಲಿ ಇಬ್ಬರಿಗೂ ಮೂರನೆಯವಳೊಬ್ಬಳ ಒಂದೇ ದನಿ. ಹಾಗಾಗಿಯೇ ಮುಖ ಬದಲಾದರೂ ಎಷ್ಟೋ ಪ್ರೇಕ್ಷಕರಿಗೆ ಗೊತ್ತಾಗುವುದಿಲ್ಲ. ನಾಯಕನ ಪಾತ್ರ ಮಾಡಿದ ಫೆರ್ನಾಂದೊ ರೇಯ ಫ್ರೆಂಚ್ ದನಿ ಕೂಡ ಅವನದಲ್ಲ, ಮಿಶೆಲ್ ಪಿಕೊಲಿಯದು. ‘ಇಬ್ಬರು ನಟಿಯರಿದ್ದಾರೆ’ ಎಂದು ಪರಿಚಯದ ಮಾತಿನಲ್ಲಿ ಹೇಳಲೇಬೇಡಿ, ಪೋಸ್ಟರಿನಲ್ಲೂ ಹಾಕಬೇಡಿ. ಇನ್ನೊಂದು: ‘ಡಿಸ್ಕ್ರೀಟ್ ಚಾರ್ಮ್’ನಲ್ಲಿ ಮಂತ್ರಿ ಫೋನಿನಲ್ಲಿ ಕಾರಣ ಕೊಡುವಾಗ ವಿಮಾನದ ಸದ್ದು ಮಾತನ್ನು ನುಂಗುತ್ತದೆ. ಅದು ಉದ್ದೇಶಪೂರ್ವಕ. ಅಲ್ಲಿ ಸೌಂಡ್ ಸರಿಮಾಡಲು ಓಡಬೇಡಿ.

‘ಲೋಸ್ ಓಲ್ವಿದಾದೋಸ್’ (1950) ಯಾರೂ ಹೇಳಲಿಲ್ಲವಲ್ಲ! ಕ್ಯಾನ್ ಚಿತ್ರೋತ್ಸವದಲ್ಲಿ ಬುನ್ಯುಯೆಲ್‌ಗೆ 1951ರ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ತಂದಿದ್ದು ಅದೇ. ತೋರಿಸುವುದಾದರೆ, ಪರ್ಯಾಯವಾಗಿ ತೆಗೆದಿಟ್ಟಿದ್ದ ಸುಖಾಂತ್ಯವೂ ಕೆಲವು ಡಿಸ್ಕ್‌ಗಳಲ್ಲಿ ಹೆಚ್ಚುವರಿಯಾಗಿ ಸಿಗುತ್ತದೆ. ಮುಖ್ಯ ಚಿತ್ರ ಕಸದ ಗುಡ್ಡದಲ್ಲಿ ಮುಗಿಯಬೇಕು. ಇನ್ನೊಂದನ್ನು ಚರ್ಚೆ ಆದ ಮೇಲೆ ಬೇಕಾದರೆ ತೋರಿಸಿ.

ಕಡೇಸಾಲು:
ತುಂಬ ಉಪಕಾರವಾಯಿತು. ‘ವಿರಿದಿಯಾನಾ’ ಬಗ್ಗೆ ಇಬ್ಬರೂ ಏನೂ ಹೇಳಲಿಲ್ಲ. ಅದು ಧರ್ಮನಿಂದೆಯ ಗಲಾಟೆಯಿಂದಷ್ಟೇ ದೊಡ್ಡದಾಯಿತು ಅನ್ನುವವರಿದ್ದಾರೆ. ಮತ್ತೆ ‘ಬೆಲ್ ದ ಜೂರ್’ (1967) ಯಾಕೆ ಯಾರ ಪಟ್ಟಿಯಲ್ಲೂ ಇಲ್ಲ? ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಬಂದ ಚಿತ್ರ.

ನೆರಳುಬೆಳಕು:
‘ವಿರಿದಿಯಾನಾ’ ಮೇಲೆ ನಮ್ಮಿಬ್ಬರಿಗೂ ಜಗಳವಿಲ್ಲ, ಅದಕ್ಕೇ ಸುಮ್ಮನಿದ್ದೆವು. ಗಲಾಟೆ ನಿಜ: 1961ರಲ್ಲಿ ಕ್ಯಾನ್‌ನ ಅತ್ಯುನ್ನತ ಪ್ರಶಸ್ತಿ, ವ್ಯಾಟಿಕನ್ ಪತ್ರಿಕೆಯ ಖಂಡನೆ, ಸ್ಪೇನ್‌ನಲ್ಲಿ ಸರ್ವಾಧಿಕಾರಿ ಫ್ರಾಂಕೋ ಸತ್ತ ಮೇಲೂ, 1977ರವರೆಗೆ, ನಿಷೇಧ. ಆದರೆ ಭಿಕ್ಷುಕರು ‘ಕೊನೆಯ ಭೋಜನ’ದ ಭಂಗಿಯಲ್ಲಿ ಕೂರುವ ಆ ಪ್ರಸಿದ್ಧ ಶಾಟ್‌ಗಿಂತ ನಾಯಿಯ ದೃಶ್ಯ ನೋಡಿ. ಗಾಡಿಯ ಅಚ್ಚಿಗೆ ಕಟ್ಟಿದ ನಾಯಿ ಓಡಿ ಓಡಿ ಸೋತಿದೆ. ಎಸ್ಟೇಟಿನ ವಾರಸುದಾರ ಹೋರ್ಹೆ ಕನಿಕರಪಟ್ಟು ದುಡ್ಡು ಕೊಟ್ಟು ಬಿಡಿಸಿಕೊಳ್ಳುತ್ತಾನೆ. ಅವನು ತಿರುಗಿ ಹೊರಟ ಕೂಡಲೇ ಎದುರು ದಿಕ್ಕಿನಿಂದ ಇನ್ನೊಂದು ಗಾಡಿ, ಅದರಡಿ ಇನ್ನೊಂದು ನಾಯಿ. ಅವನಿಗೆ ಕಾಣುವುದಿಲ್ಲ, ನಮಗೆ ಮಾತ್ರ ಕಾಣುತ್ತದೆ. ಕ್ಲೋಸ್‌ಅಪ್ ಇಲ್ಲ, ಸಂಗೀತ ಇಲ್ಲ. ಚಿತ್ರಕಥೆಯ ಮೂಲ ಅಂತ್ಯದಲ್ಲಿ, ಸನ್ಯಾಸಿನಿಯಾಗಲು ಹೊರಟಿದ್ದ ವಿರಿದಿಯಾನಾ ಹೋರ್ಹೆಯ ಕೋಣೆಯ ಬಾಗಿಲು ಬಡಿದು ಒಳಗೆ ಹೋಗುತ್ತಾಳೆ, ಬಾಗಿಲು ಮುಚ್ಚುತ್ತದೆ. ಸೆನ್ಸಾರ್ ಒಪ್ಪಲಿಲ್ಲ. ಬುನ್ಯುಯೆಲ್ ಮನೆಗೆಲಸದ ರಮೋನಾಳನ್ನೂ ಸೇರಿಸಿ ಮೂವರನ್ನೂ ಇಸ್ಪೀಟಿಗೆ ಕೂರಿಸಿದ. ಅದು ಮೊದಲಿನದಕ್ಕಿಂತ ಪೋಲಿ, ಆದರೆ ಸೆನ್ಸಾರ್ ದಾಟಿತು.

‘ಬೆಲ್ ದ ಜೂರ್’ ನನ್ನ ಆರನೆಯದು. ಹಿನ್ನೆಲೆ ಸಂಗೀತವೇ ಇಲ್ಲದ ಚಿತ್ರ. ಕುದುರೆಗಾಡಿಯ ಗೆಜ್ಜೆ ಸದ್ದು ಕೇಳಿದರೆ ನಾಯಕಿ ಸೆವರೀನ್‌ಳ ಹಗಲುಗನಸು ಎಂದು ನಾವು ಕಲಿತುಕೊಳ್ಳುತ್ತೇವೆ. ಕೊನೆಗೆ ಅದೇ ಗೆಜ್ಜೆ ಅವಳ ಮನೆಯ ಕಿಟಕಿಯ ಹೊರಗೆ ಕೇಳಿಸುತ್ತದೆ, ಕಲಿತದ್ದೆಲ್ಲ ತಲೆಕೆಳಗು. ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ತೋರಿಸುವುದಾದರೆ ಮಾತ್ರ ಬೇಡ. ಅವಳು ಹೋಗುವ ವೇಶ್ಯಾಗೃಹಕ್ಕೆ ಗಿರಾಕಿ ತಂದ ಪೆಟ್ಟಿಗೆಯ ಒಳಗಿನ ಗುಂಯ್ ಸದ್ದೂ ಅದರಲ್ಲಿ ಕರಗಿಹೋಗುತ್ತದೆ.

ಸ್ಪ್ರಾಕೆಟ್:
ಕ್ರಮದ ಬಗ್ಗೆ ಒಂದು ಸಲಹೆ. ‘ಎಕ್ಸ್‌ಟರ್ಮಿನೇಟಿಂಗ್ ಏಂಜೆಲ್’ ಆದ ಮರುವಾರವೇ ‘ಡಿಸ್ಕ್ರೀಟ್ ಚಾರ್ಮ್’ ಇಡಬೇಡಿ. ಒಂದರಲ್ಲಿ ಊಟವಾದ ಮೇಲೆ ಹೊರಡಲಾಗದವರು, ಇನ್ನೊಂದರಲ್ಲಿ ಊಟಕ್ಕೇ ಕೂರಲಾಗದವರು. ಬೆನ್ನುಬೆನ್ನಿಗೆ ನೋಡಿದರೆ ಎರಡನೆಯದು ಮೊದಲನೆಯದರ ನಕಲಿನಂತೆ ಕಾಣುತ್ತದೆ. ನಡುವೆ ‘ಬೆಲ್ ದ ಜೂರ್’ ಬರಲಿ, ‘ಅಬ್‌ಸ್ಕ್ಯೂರ್ ಆಬ್ಜೆಕ್ಟ್’ ಬಿಟ್ಟರೂ ನಡೆಯುತ್ತದೆ. ‘ಏಂಜೆಲ್’ ಸುಮಾರು ಒಂದೂವರೆ ಗಂಟೆಯದು, ಅದೇ ದಿನ 45 ನಿಮಿಷದ ‘ಸಿಮೋನ್ ಆಫ್ ದಿ ಡೆಸರ್ಟ್’ (1965) ಸೇರಿಸಬಹುದು. ದುಡ್ಡು ಮುಗಿದು ಮೊಟಕಾದ ಚಿತ್ರ ಅದು. ಕಂಬದ ಮೇಲೆ ನಿಂತ ಸನ್ಯಾಸಿಯನ್ನು ನ್ಯೂಯಾರ್ಕಿನ ಡ್ಯಾನ್ಸ್ ಕ್ಲಬ್ಬಿಗೆ ತಂದು ಕೂರಿಸಿ ದಿಢೀರನೆ ನಿಲ್ಲುತ್ತದೆ. ಫೈಲ್ ಅರ್ಧಕ್ಕೆ ನಿಂತಿಲ್ಲ ಎಂದು ಮೊದಲೇ ಹೇಳಿಬಿಡಿ.

ಮೂರನೇಬೆಲ್:
‘ಅಬ್‌ಸ್ಕ್ಯೂರ್ ಆಬ್ಜೆಕ್ಟ್’ ಬಿಡುವುದಾದರೆ ಇಬ್ಬರು ನಟಿಯರ ಬಗ್ಗೆ ಅಷ್ಟುದ್ದ ಬರೆದದ್ದು ಯಾಕೆ ಸ್ವಾಮಿ? ಬಿಡಬೇಕಾದ್ದು ‘ಬೆಲ್ ದ ಜೂರ್’. ‘ಎಲ್’, ‘ವಿರಿದಿಯಾನಾ’, ‘ಡಿಸ್ಕ್ರೀಟ್ ಚಾರ್ಮ್’ ಮೊದಲ ಮೂರು ವಾರ, ನಾಲ್ಕನೇ ವಾರ ‘ಅಬ್‌ಸ್ಕ್ಯೂರ್ ಆಬ್ಜೆಕ್ಟ್’, ಐದಕ್ಕೆ ‘ಏಂಜೆಲ್’ ಜೊತೆ ‘ಸಿಮೋನ್’. ಕಾಲಾನುಕ್ರಮ ತಪ್ಪುತ್ತದೆ, ತಪ್ಪಲಿ. ಕಣ್ಣಿನ ಶಾಟ್ ನೋಡಲೇಬೇಕು ಅನ್ನುವವರಿಗೆ ಆ 16 ನಿಮಿಷವನ್ನು ‘ಎಲ್’ ಮುಗಿದ ಮೇಲೆ ಹಾಕಿ, ಮೊದಲಲ್ಲ. ಸೂಜಿ ನೋಡಿ ಆಮೇಲೆ ಕತ್ತಿ ನೋಡಲಿ.